ಹನ್ನೊಂದನೆಯ ಕಲ್ಲು

ನನ್ನ ನೆನಪು ಕೆಟ್ಟಿದೆ ಎಂದು ಮೊದಲೇ ತೀರ್ಮಾನ ಮಾಡಿಕೊಂಡವರು ಇಲ್ಲಿಗೇ ಫೋನು ಆರಿಸಿ, ನಿಮ್ಮ ನಿಮ್ಮ ನಾಯಿಗಳನ್ನು ತಿರುಗಾಡಿಸಲು ಹೋಗಿ. ನನಗೆ ತೊಂಬತ್ತನಾಲ್ಕು. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರೆ ಗೊತ್ತಿಲ್ಲ, ಓಟ್ಸ್ ಗಂಜಿಯೇ ಇರಬೇಕು, ಮುದುಕರನ್ನು ತುಂಬಿಟ್ಟ ಈ ಮನೆಯಲ್ಲಿ ಬೇರೆ ಏನು ಕೊಡುತ್ತಾರೆ. ನನ್ನನ್ನು ನೋಡಿಕೊಳ್ಳುವ ಹುಡುಗಿಯ ಹೆಸರು ನಾಲಿಗೆಯ ತುದಿಗೆ ಬಂದು ಜಾರಿಹೋಗುತ್ತದೆ. ಅದನ್ನೆಲ್ಲ ಒಪ್ಪುತ್ತೇನೆ. ಆದರೆ ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ, ಮೇ ತಿಂಗಳ ಸೋಮವಾರ, ಈ ವೆನ್‌ಹೋಪ್ ಊರಿನ ಗಡಿಯಲ್ಲಿ ನನ್ನ ತಲೆಯನ್ನು ಯಾವ ಕಲ್ಲಿಗೆ ಕುಟ್ಟಿದರು ಎಂದು ಕೇಳಿ. ಅದರ ಯಾವ ಮಗ್ಗುಲಲ್ಲಿ ಪಾಚಿಯಿತ್ತು, ಯಾವ ಮಗ್ಗುಲು ಬೋಳು, ಕಿವಿಗೆ ತಾಗಿದಾಗ ಎಷ್ಟು ತಣ್ಣಗಿತ್ತು, ಎಲ್ಲ ಹೇಳುತ್ತೇನೆ. ಮರೆಯಬಾರದೆಂದೇ ಕುಟ್ಟಿದ್ದು. ಮರೆತಿದ್ದರೆ ಚೆನ್ನಾಗಿರುತ್ತಿತ್ತು ಎಂದು ಐವತ್ತು ವರ್ಷದಿಂದ ಅಂದುಕೊಳ್ಳುತ್ತಿರುವವನಿಗೆ, ನಿಮಗೆ ಮರೆವು ಬಂದಿದೆ ಅಜ್ಜ ಎಂದು ಹೇಳಿ, ಕಾಲಿನ ಮೇಲೆ ಕಂಬಳಿ ಸರಿಮಾಡಿ ಹೋಗುತ್ತೀರಲ್ಲ, ನಿಮಗೆ ಏನನ್ನಲಿ.

ಫಿಲಿಪಾಳನ್ನು ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ಅವಳು ಒಳ್ಳೆಯವಳು. ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸ ಮುಗಿಸಿ ಇಲ್ಲಿಗೆ ಬಂದು ಆರು ವರ್ಷವಾಯಿತು, ಬಂದ ಮರುವರ್ಷವೇ ಊರಿನ ಇತಿಹಾಸದ ಗುಂಪು ಕಟ್ಟಿದಳು. ನಮ್ಮೂರಿನ ಇತಿಹಾಸವನ್ನು ನಮಗಿಂತ ಹೊರಗಿನವರೇ ಹೆಚ್ಚು ಪ್ರೀತಿಸುತ್ತಾರೆ. ಅವರಿಗೆ ಅದು ಏನೂ ಮಾಡಿಲ್ಲವಲ್ಲ. ಈ ಫೋನು ಕೊಟ್ಟವಳೂ ಅವಳೇ. ಬಾಲ್ಯದ ನೆನಪು ಏನು ಬಂದರೂ ಈ ಗುಂಡಿ ಒತ್ತಿ ಮಾತಾಡಿ, ಗುಂಪಿನ ಎಲ್ಲರಿಗೂ ತಲುಪುತ್ತದೆ ಎಂದು ಹೇಳಿಕೊಟ್ಟಳು. ಕುದುರೆಗೆ ಲಾಳ ಹೊಡೆಯುವುದು, ಸೇಬಿನ ರಸ ಹಿಂಡುವುದು, ನಲವತ್ತೇಳರ ಹಿಮದಲ್ಲಿ ಕುರಿ ಅಗೆದು ತೆಗೆದದ್ದು, ಎಲ್ಲ ಹೇಳಿದೆ. ಎಲ್ಲದಕ್ಕೂ ಒಂದೊಂದು ಕೆಂಪು ಹೃದಯ ಬಂತು. ಈ ಮಂಗಳವಾರ ಅವಳು ಮಡಚಿದ ಒಂದು ಕಾಗದ ಹಿಡಿದು ಬಂದಳು. ಎಂಬತ್ತೈದು ವರ್ಷದ ಮೇಲೆ ಮತ್ತೆ ಗಡಿ ಬಡಿಯುತ್ತಾರಂತೆ, ಈ ಭಾನುವಾರವೇ, ಅಂದರೆ ಇವತ್ತೇ. ಹನ್ನೊಂದು ಕಲ್ಲು, ಹನ್ನೊಂದು ಮಕ್ಕಳು. ತಲೆಕೆಳಗು ಮಾಡುವುದಿಲ್ಲ, ಮೆತ್ತೆ ಹಾಕಿ ಕಲ್ಲಿನ ಮೇಲೆ ಮೆಲ್ಲಗೆ ಕೂರಿಸಿ ಎತ್ತುತ್ತಾರಂತೆ, ಅದಕ್ಕೂ ತಂದೆತಾಯಿಯ ಸಹಿ ಬೇಕಂತೆ. ನಗುತ್ತ ಓದುತ್ತಿದ್ದೆ. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು.

"ಇದು ತಪ್ಪು. ಹನ್ನೊಂದನೇದು ಪಾದ್ರಿ ಕುರ್ಚಿ ಅಲ್ಲ, ಹಂದಿಕಲ್ಲು. ಇನ್ನೂ ಮೂರು ಹೊಲ ಕೆಳಗೆ ಹೋಗ್ಬೇಕು."

"ಬೇಜಾರು ಮಾಡ್ಕೋಬೇಡಿ ಆಂಬ್ರೋಸ್. ನಾವು ಕಡತ ನೋಡಿದ್ವಿ. ಪಾದ್ರಿ ಕುರ್ಚೀನೇ."

"ಯಾವನು ಹೇಳಿದ್ದು?"

ಅವಳು ಚೀಲದಿಂದ ಇನ್ನೊಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟು, ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದಳು. "ನೀವೇ. ಎಪ್ಪತ್ನಾಲ್ಕನೇ ಇಸ್ವೀಲಿ. ನೋಡಿ, ಸಾಕ್ಷಿ ಆಂಬ್ರೋಸ್ ಟಜ್, ಬಡಗಿ, ಚರ್ಚಿನ ಮೇಲ್ವಿಚಾರಕ. ಇದು ನೀವೇ ಅಲ್ವಾ?"

ನಾನೇ. ಟೈಪು ಮಾಡಿದ ಮಾತು. ಆವತ್ತು ನಾನು ಆಡಿದ ಎರಡು ಮಾತುಗಳು ಇವತ್ತು ನನಗೆ ಬುದ್ಧಿ ನೆಟ್ಟಗಿಲ್ಲ ಎನ್ನುವುದಕ್ಕೆ ಪುರಾವೆಯಾಗಿ ನನ್ನ ಮಡಿಲಲ್ಲೇ ಬಿದ್ದಿದ್ದವು. ಅವಳು ಹೋದ ಮೇಲೆ ಬಾಗಿಲಾಚೆ ನೋಡಿಕೊಳ್ಳುವ ಹುಡುಗಿಯ ಹತ್ತಿರ, ಪಾಪ, ಈಚೆಗೆ ತುಂಬ ಗೊಂದಲ ಮಾಡ್ಕೋತಾರೆ ಅಲ್ವಾ, ಎಂದದ್ದು ಕೇಳಿಸಿತು. ನನ್ನ ಕಿವಿ ಚೆನ್ನಾಗಿದೆ. ಅಲ್ಲಿಂದ ನಾಲ್ಕು ದಿನ ನಾನು ಗುಂಡಿ ಒತ್ತಲಿಲ್ಲ. ಇವತ್ತು ಒತ್ತುತ್ತಿದ್ದೇನೆ.

ಗಡಿ ಬಡಿಯುವುದು ಎಂದರೆ ನಿಮಗೆ ಈಗ ಪಿಕ್ನಿಕ್ಕು. ನಮಗೆ ಹಾಗಿರಲಿಲ್ಲ. ಕಾಗದ ನಂಬುವ ರೂಢಿ ನಮ್ಮಲ್ಲಿ ಈಚಿನದು. ಊರಿನ ಹಳೆಯ ನಕ್ಷೆಯಲ್ಲಿ ಎಳೆದ ಗಡಿಗೆರೆಯೇ ಮೂರು ಹೊಲದಷ್ಟು ದಪ್ಪ. ಅದಕ್ಕೇ ಏಳು ವರ್ಷಕ್ಕೊಮ್ಮೆ ಪಾದ್ರಿ ಮುಂದೆ, ಊರು ಹಿಂದೆ, ಕೈಯಲ್ಲಿ ಹಸಿ ವಿಲೋ ಮರದ ಕೋಲು ಹಿಡಿದು ಗಡಿಯ ಸುತ್ತ ನಡೆಯುವುದು, ಪ್ರತಿ ಕಲ್ಲಿಗೂ ಕೋಲಿನಿಂದ ಬಾರಿಸುವುದು, ಆಮೇಲೆ ಒಬ್ಬ ಹುಡುಗನನ್ನು ಕಾಲು ಹಿಡಿದು ತಲೆಕೆಳಗೆ ಮಾಡಿ ಮೂರು ಸಲ ತಲೆ ಕುಟ್ಟಿಸುವುದು. ಒಂದು ಕಲ್ಲಿಗೆ ಒಬ್ಬ ಹುಡುಗ. ಆ ಕಲ್ಲು ಅವನದು, ಸಾಯುವ ತನಕ. ಮುಂದೆ ಯಾವತ್ತಾದರೂ ಗಡಿಯ ಜಗಳ ಬಂದರೆ, ಮುದುಕನಾದ ಆ ಹುಡುಗ ಬಂದು ನಿಂತು, ಇದೇ ಕಲ್ಲು, ನನಗೆ ಇಲ್ಲೇ ನೋವಾದದ್ದು, ಎಂದು ಹೇಳಬೇಕು. ನೋವಾದವನು ಸುಳ್ಳು ಹೇಳುವುದಿಲ್ಲ ಎಂದು ನಮ್ಮವರ ನಂಬಿಕೆ. ನೋವಿನ ಜೊತೆ ಇನ್ನೊಂದು ಸೇರಿಕೊಂಡರೆ ಏನಾಗುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ.

ಮೂವತ್ತೆಂಟರಲ್ಲಿ, ಗಡಿ ಬಡಿದ ಕೊನೆಯ ಸಲ, ನಾನು ಹನ್ನೊಂದನೆಯ ಕಲ್ಲಿನ ಹುಡುಗ. ಒಂಬತ್ತು ವಯಸ್ಸು. ಅಪ್ಪ ಆಗ ಚರ್ಚಿನ ಮೇಲ್ವಿಚಾರಕ, ಊರಿನಲ್ಲಿ ನಗುವವರನ್ನು ಕಂಡರೆ ತನ್ನನ್ನೇ ನೋಡಿ ನಗುತ್ತಿದ್ದಾರೆ ಎಂದುಕೊಳ್ಳುವ ಮನುಷ್ಯ. ಆ ಗುಣ ನನಗೂ ಬಂದಿದೆ, ಮೂಗು ಬಂದ ಹಾಗೆ. ನಾಲ್ಕು ಗಂಟೆ ನಡೆದ ಮೇಲೆ ಪಾದ್ರಿ ಕುರ್ಚಿಯ ಹತ್ತಿರ ಊಟಕ್ಕೆ ಕೂತೆವು. ಅದೊಂದು ಬೆನ್ನಾನಿಕೆ ಇರುವ ದೊಡ್ಡ ಬಂಡೆ, ಅದರ ಮೇಲೆ ಪಾದ್ರಿ ಕೂರುವುದು ವಾಡಿಕೆ, ಅಷ್ಟೇ. ಗಡಿಗೂ ಅದಕ್ಕೂ ಸಂಬಂಧವಿಲ್ಲ. ಬ್ರೆಡ್ಡು, ಗಿಣ್ಣು, ಈರುಳ್ಳಿ, ಮತ್ತೆ ಪೀಪಾಯಿಯಿಂದ ಸೇಬಿನ ಮದ್ಯ. ಹುಡುಗರಿಗೂ ಒಂದೊಂದು ಲೋಟ. ಹತ್ತನೆಯ ಕಲ್ಲಿನ ಹುಡುಗ ಸಿಡ್ ಬಫ್ಟನ್ ತನ್ನ ಲೋಟವನ್ನೂ ನನಗೇ ಕೊಟ್ಟ, ಕುಡಿಯೋ, ತಲೆ ನೋಯಲ್ಲ ಎಂದ. ಕುಡಿದೆ. ಅಲ್ಲಿಂದ ಮೂರು ಹೊಲ ಇಳಿದರೆ ಮಧ್ಯದಲ್ಲಿ ಪ್ರೀಸ್ ಅವರ ಒಂಟಿ ಮನೆ, ಅದನ್ನು ದಾಟಿದರೆ ಜವುಗು, ಜವುಗಿನ ನಡುವೆ ಜೊಂಡಿನಲ್ಲಿ ಮಲಗಿದ ಹಂದಿಯ ಬೆನ್ನಿನ ಹಾಗೆ ಕಾಣುವ ಕಲ್ಲು. ಪ್ರೀಸ್ ಮನೆಯ ಬೇಲಿಯ ಹತ್ತಿರವೇ ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ಒಂದ್ ನಿಮಿಷ."

"ಏನೋ?"

"ಹೋಗ್ಬೇಕು."

"ಪಾದ್ರಿಗಳು ನಿಂತಿದಾರೆ. ಕಲ್ಲು ಮುಗೀಲಿ, ಆಮೇಲೆ ಹೋಗು."

ಕಲ್ಲು ಮುಗಿಯಲಿಲ್ಲ. ಅಪ್ಪ ಒಂದು ಕಾಲು, ಕಮ್ಮಾರ ಒಂದು ಕಾಲು ಹಿಡಿದು ಎತ್ತಿದರು. ಆಕಾಶ ಕೆಳಗೆ ಬಂತು, ಜೊಂಡು ಮೇಲಿಂದ ತೂಗಿತು. ಮೊದಲನೆಯ ಕುಟ್ಟಿಗೆ ಪಾಚಿಯ ವಾಸನೆ. ಎರಡನೆಯದಕ್ಕೆ ಕಲ್ಲಿನ ಬೋಳು ಮಗ್ಗುಲು ಕಿವಿಗೆ ತಾಗಿತು, ಚುರ್ರೆಂದಿತು. ಮೂರನೆಯದಕ್ಕೆ ನನ್ನಿಂದ ಆಗಲಿಲ್ಲ. ನೆಟ್ಟಗೆ ನಿಂತವನು ಉಚ್ಚೆ ಹೊಯ್ದುಕೊಂಡರೆ ಅದು ಕಾಲಿಗೆ ಇಳಿಯುತ್ತದೆ, ಶೂಗೆ ಹೋಗುತ್ತದೆ, ಅಡಗಿಸಬಹುದು. ತಲೆಕೆಳಗಾದವನದು ಎದೆಗೆ ಬರುತ್ತದೆ, ಕತ್ತಿಗೆ ಬರುತ್ತದೆ, ಗಲ್ಲದ ಮೇಲೆ ಹರಿದು ಮೂಗಿನೊಳಗೆ ಹೋಗುತ್ತದೆ. ಬಿಸಿಯಾಗಿತ್ತು. ಪಾದ್ರಿ, ನಾನು ಬಲ್ಲ ಅತ್ಯಂತ ಸೌಮ್ಯ ಮನುಷ್ಯ, ಸೌಮ್ಯವಾಗಿಯೇ ಹೇಳಿದರು. "ಸರಿ, ಕಲ್ಲಿಗೆ ನಾಮಕರಣ ಆಯ್ತು."

ಆ ನಗು. ಗುಡ್ಡಕ್ಕೆ ತಾಗಿ ಮರಳಿ ಬಂತು. ಅಪ್ಪ ನನ್ನ ಕಾಲು ಬಿಟ್ಟರು, ಇಳಿಸಲಿಲ್ಲ, ಬಿಟ್ಟರು, ಆಮೇಲೆ ಕೈಯನ್ನು ಹುಲ್ಲಿಗೆ ಒರೆಸಿಕೊಂಡು ಹಿಂದಿರುಗಿ ನಡೆಯಲು ಶುರುಮಾಡಿದರು. ಆಗ ಪ್ರೀಸ್ ಅವರ ಹುಡುಗಿ ವಿನ್ನಿ ಬೇಲಿ ಹಾರಿ ಬಂದಳು. ಹನ್ನೊಂದು ವಯಸ್ಸು, ಮೊಣಕಾಲೆಲ್ಲ ಗಾಯದ ಗುರುತು. ತನ್ನ ಫ್ರಾಕಿನ ಮೇಲೆ ಹಾಕಿದ್ದ ಬಿಳಿ ಉಡಿಬಟ್ಟೆ ಬಿಚ್ಚಿ ನನ್ನ ಸೊಂಟಕ್ಕೆ ಸುತ್ತಿ, ಹಿಂದೆ ಗಂಟು ಕಟ್ಟಿದಳು. ಮುಖವನ್ನು ಒಂದು ತುದಿಯಿಂದ ಒರೆಸಿದಳು. ಸಿಡ್ ಕೂಗಿದ, "ಲೋ, ಟಜ್ ಮನೇಲಿ ಹೆಣ್ಣು ಹುಟ್ಟಿತು ನೋಡ್ರೋ!" ಮತ್ತೆ ನಗು. ಈಗ ಯೋಚಿಸಿದರೆ, ಪಾದ್ರಿಯ ನಗುವನ್ನಾಗಲಿ ಅಪ್ಪನ ಕೈಯನ್ನಾಗಲಿ ನಾನು ಕ್ಷಮಿಸಿದ್ದೇನೆ. ವಿನ್ನಿಯ ಆ ಗಂಟನ್ನು ಕ್ಷಮಿಸಲು ನನಗೆ ಬಹಳ ಕಾಲ ಬೇಕಾಯಿತು. ಆ ಬಟ್ಟೆಯನ್ನು ಹಿಂದಿರುಗಿಸಲೂ ಇಲ್ಲ. ಬರುವ ದಾರಿಯಲ್ಲಿ ಮೊಲದ ಬಿಲದೊಳಗೆ ಕೋಲಿನಿಂದ ತುರುಕಿದೆ, ಅದು ಕಾಣದಷ್ಟು ಒಳಕ್ಕೆ. ಅವಳಿಗೆ ಅದಕ್ಕಾಗಿ ಮನೆಯಲ್ಲಿ ಏಟು ಬಿತ್ತು ಎಂದು ಆಮೇಲೆ ಕೇಳಿದೆ.

ನಡುವೆ ನಿಲ್ಲಿಸಿದ್ದಕ್ಕೆ ಕ್ಷಮಿಸಿ. ಹುಡುಗಿ ಬಂದಿದ್ದಳು, ಚೀಲ ಬದಲಾಯಿಸಲು. ಈಗ ನನ್ನ ತೊಡೆಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದ್ದಾರೆ, ನನ್ನ ಅಪ್ಪಣೆಗೆ ಕಾಯದೆ ತುಂಬುತ್ತದೆ. ಅದನ್ನು ಅವಳು ಬೆಳಕಿಗೆ ಹಿಡಿದು, ಬಣ್ಣ ಚೆನ್ನಾಗಿದೆ ಅಜ್ಜ, ನೀರು ಕುಡೀತಾ ಇದೀರ, ಶಭಾಷ್ ಎನ್ನುತ್ತಾಳೆ. ದಿನಕ್ಕೆ ಮೂರು ಸಲ. ನನಗೆ ಏನೂ ಅನ್ನಿಸುವುದಿಲ್ಲ. ಅದನ್ನೇ ನೋಡುತ್ತ ಕೂತಿದ್ದೆ ಇಷ್ಟು ಹೊತ್ತು: ಏನೂ ಅನ್ನಿಸುವುದಿಲ್ಲ. ಇದಕ್ಕಾಗಿಯೇ? ಇದೇ ನೀರಿಗಾಗಿ?

ಎಪ್ಪತ್ತರ ಸುಮಾರಿಗೆ ಸರ್ಕಾರ ಕಾನೂನು ತಂದಿತು, ಊರೊಟ್ಟಿನ ಗುಡ್ಡಗಳ ಮೇಲೆ ಯಾರ್ಯಾರಿಗೆ ಕುರಿ ಮೇಯಿಸುವ ಹಕ್ಕಿದೆಯೋ ಬರೆಸಿ, ತಕರಾರಿದ್ದರೆ ಕಮಿಷನರು ಬಂದು ಕೇಳುತ್ತಾರೆ ಎಂದು. ನಮ್ಮ ಗುಡ್ಡದ ಹಕ್ಕು ಗಡಿಯೊಳಗಿನ ಮನೆಗಳಿಗೆ ಮಾತ್ರ. ಎಲ್ಲರದೂ ಸಲೀಸಾಗಿ ಆಯಿತು, ವಿನ್ನಿಯದು ಬಿಟ್ಟು. ವಿನ್ನಿ ಮದುವೆಯಾಗಿರಲಿಲ್ಲ, ಅಪ್ಪ ಅಮ್ಮ ಸತ್ತ ಮೇಲೆ ಆ ಮನೆಯಲ್ಲಿದ್ದುಕೊಂಡು ಗುಡ್ಡದ ಮೇಲೆ ಅರವತ್ತು ಕುರಿ ಇಟ್ಟಿದ್ದಳು. ಅದೇ ಅವಳ ಬದುಕು, ಮನೆಗೆ ಸೇರಿದ ಹೊಲ ಒಂದು ಕರವಸ್ತ್ರದಷ್ಟು. ಮೇಯಿಸುವುದು ಊರೊಟ್ಟಿಗಾದರೂ ಗುಡ್ಡದ ಒಡೆತನ ದೊಡ್ಡಮನೆಯ ಜಮೀನ್ದಾರರದು. ಅವರಿಗೆ ಅಲ್ಲಿ ಬೇಟೆಯಾಡಲು ಹಕ್ಕಿ ಸಾಕಬೇಕಿತ್ತು, ಕುರಿ ಒಂದೊಂದು ಕಡಿಮೆಯಾದಷ್ಟೂ ಒಳ್ಳೆಯದು. ಅವರು ತಕರಾರು ಹಾಕಿದರು: ಗಡಿ ಪಾದ್ರಿ ಕುರ್ಚಿಗೇ ಮುಗಿಯುತ್ತದೆ, ಪ್ರೀಸ್ ಮನೆ ಹೊರಗಿನದು. ಹಂದಿಕಲ್ಲಾದರೆ ಅವಳು ಒಳಗೆ. ಕುರ್ಚಿಯಾದರೆ ಹೊರಗೆ. ಇಷ್ಟೇ ವಿಷಯ. ಹನ್ನೊಂದು ಹುಡುಗರಲ್ಲಿ ನಾಲ್ವರು ಅಷ್ಟರಲ್ಲಿ ಸತ್ತಿದ್ದರು, ಉಳಿದವರಲ್ಲಿ ಊರಿನಲ್ಲಿದ್ದವರು ಇಬ್ಬರೇ. ಒಬ್ಬ ಸಿಡ್ ಬಫ್ಟನ್, ದೊಡ್ಡಮನೆಯ ಬೇಟೆಕಾಡಿನ ಕಾವಲುಗಾರ. ಇನ್ನೊಬ್ಬ ನಾನು.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಪಬ್ಬಿನಲ್ಲಿ ಸಿಡ್ ನನ್ನ ಪಕ್ಕ ಬಂದು ಕೂತ. ಅವನು ಬೆದರಿಸಲಿಲ್ಲ. ನಾನು ಅದನ್ನು ನನಗೆ ನಾನೇ ಹೇಳಿಕೊಳ್ಳುತ್ತ ಬಂದಿದ್ದೇನೆ, ಅವನು ಬೆದರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾಳೆ ಕೋಟು ಹಾಕ್ಕೊಂಡು ಬರ್ತೀಯಾ, ಮೇಲ್ವಿಚಾರಕರೇ?"

"ಬರ್ತೀನಿ. ನೀನು?"

"ನಂಗೇನೂ ನೆನಪಿಲ್ಲಪ್ಪ. ನಾನು ಎರಡು ಲೋಟ ಕುಡ್ದಿದ್ದೆ."

"ನೀನು ಕುಡೀಲಿಲ್ಲ. ನಂಗೆ ಕೊಟ್ಟೆ."

"ನೋಡ್ದ್ಯಾ, ನಿಂಗೆ ಎಲ್ಲಾ ನೆನಪಿದೆ." ಅವನು ಗ್ಲಾಸನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. "ಎಲ್ಲಾ ಹೇಳ್ತೀಯಾ ಹಾಗಾದ್ರೆ? ಎಲ್ಲಾನೂ? ಮಕ್ಕಳೆಲ್ಲ ಬರ್ತವಂತೆ, ಹೆಡ್ ಮೇಷ್ಟ್ರು ಇಡೀ ಕ್ಲಾಸು ಕರ್ಕೊಂಡು ಬರ್ತಾರಂತೆ. ಇತಿಹಾಸ ನೋಡೋಕೆ."

ಬಂದಿದ್ದರು. ಶಾಲೆಯ ಕೋಣೆಯಲ್ಲೇ ವಿಚಾರಣೆ, ಮುಂದಿನ ಎರಡು ಬೆಂಚು ತುಂಬ ಮಕ್ಕಳು, ಅದರಲ್ಲಿ ನನ್ನ ಮಗ ಕೊಲಿನ್, ಹನ್ನೊಂದು ವಯಸ್ಸು, ಅಮ್ಮ ಬಾಚಿ ಕಳಿಸಿದ ಕೂದಲು. ತನ್ನ ಅಪ್ಪನನ್ನು ದೊಡ್ಡವರು ಪ್ರಶ್ನೆ ಕೇಳುತ್ತಾರೆ, ಅಪ್ಪ ಉತ್ತರ ಹೇಳುತ್ತಾನೆ ಎಂಬ ಹೆಮ್ಮೆ ಅವನ ಕಿವಿಯಲ್ಲೆಲ್ಲ ಕೆಂಪಗೆ ಕಾಣುತ್ತಿತ್ತು. ನನ್ನ ಹೆಂಡತಿ ಐವಿ ಗೋಡೆಯ ಹತ್ತಿರ. ಅವಳಿಗೂ ನಾನು ಹೇಳಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳಿಗೆ ಯುದ್ಧಕಾಲದ ಕಥೆ ಹೇಳಿದ್ದೆ, ಅಮ್ಮ ಸತ್ತ ದಿನದ್ದು ಹೇಳಿದ್ದೆ, ಇದನ್ನಲ್ಲ. ವಿನ್ನಿ ಕಿಟಕಿಯ ಕೆಳಗೆ, ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು, ಕೈಗಳನ್ನು ಮಡಿಲಲ್ಲಿ ಇಟ್ಟು ಕೂತಿದ್ದಳು. ಆ ಕೈಗಳಿಂದ ಕುರಿಯ ಉಣ್ಣೆಯ ಜಿಡ್ಡು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಸಿಡ್ ಹಿಂದೆ, ಬಾಗಿಲಿಗೆ ಒರಗಿ.

ದೊಡ್ಡಮನೆಯ ವಕೀಲ ಸಣ್ಣ ಪ್ರಾಯದವನು, ಪಟ್ಟಣದಿಂದ ಬಂದವನು, ಮರ್ಯಾದೆಯಾಗಿ ಮಾತಾಡಿದ.

"ಟಜ್ ಅವರೇ, ಹನ್ನೊಂದನೇ ಕಲ್ಲಿನ ಹುಡುಗ ನೀವು. ಅದು ಯಾವ ಕಲ್ಲು?"

"ಹಂದಿಕಲ್ಲು. ಪ್ರೀಸ್ ಮನೆ ದಾಟಿ, ಜವುಗಿನಲ್ಲಿ."

"ಮೂವತ್ತಾರು ವರ್ಷ ಆಗಿದೆ. ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

"ತಲೆ ಕುಟ್ಟಿದ್ದು ನಂಗೆ ಸ್ವಾಮಿ. ನಿಮಗಲ್ಲ."

ಕೋಣೆ ನಕ್ಕಿತು. ನನ್ನ ಪರವಾದ ನಗು, ಒಳ್ಳೆಯ ನಗು. ಕೊಲಿನ್ ಹಿಂದಿರುಗಿ ಪಕ್ಕದವನನ್ನು ನೋಡಿದ. ವಕೀಲನೂ ನಕ್ಕ.

"ಒಪ್ಪಿದೆ. ಆದರೆ ಕಲ್ಲೆಲ್ಲ ತಲೆಗೆ ಒಂದೇ ಥರ ಅಲ್ವೇ? ಆವತ್ತು ಊಟ ಮಾಡಿದ್ದು ಪಾದ್ರಿ ಕುರ್ಚಿ ಹತ್ರ, ಹುಡುಗರೂ ಕುಡಿದಿದ್ರು, ಆ ಕಲ್ಲೂ ನಿಮ್ಮ ನೆನಪಲ್ಲಿದೆ. ಎರಡೂ ಕಲಸಿಹೋಗಿಲ್ಲ ಅಂತ ನಾವು ಹೇಗೆ ನಂಬೋಣ? ಆ ಹಂದಿಕಲ್ಲಿನ ಹತ್ರಾನೇ ನಡೆದದ್ದು, ಬೇರೆ ಕಡೆ ನಡೆದಿರೋಕೆ ಸಾಧ್ಯವೇ ಇಲ್ಲದ್ದು, ಬೇರೆಯವರೂ ಹೌದು ಅನ್ನಬಹುದಾದ್ದು, ಅಂಥದ್ದೇನಾದ್ರೂ ಇದೆಯೇ?"

ಇತ್ತು. ಬಾಯಿಗೆ ಬಂದಿತ್ತು. ಅಷ್ಟು ವರ್ಷದಲ್ಲಿ ಯಾರೂ ಅಷ್ಟು ನೇರವಾಗಿ ಅದನ್ನೇ ಕೈತೋರಿಸಿ ಕೇಳಿರಲಿಲ್ಲ. ಹೇಳಿದ್ದರೆ ಮುಗಿಯುತ್ತಿತ್ತು, ವಿನ್ನಿ ಹೌದೆನ್ನುತ್ತಿದ್ದಳು, ಸಿಡ್ ಕೂಡ ಇಲ್ಲ ಎನ್ನಲಾರದೆ ಹೋಗುತ್ತಿದ್ದ, ಯಾಕೆಂದರೆ ಚಿಕ್ಕವರಿದ್ದಾಗ ಆ ಕಥೆಯನ್ನು ಅವನು ಎಷ್ಟು ಸಲ ಹೇಳಿಕೊಂಡು ನಕ್ಕಿದ್ದನೋ. ಹಿಂದಿನಿಂದ ಒಂದು ಸಣ್ಣ ಸದ್ದು ಬಂತು. ನಗುವಲ್ಲ, ನಗುವನ್ನು ಮೂಗಿನಲ್ಲಿ ಹಿಡಿದ ಸದ್ದು. ನಾನು ಮುಂದಿನ ಬೆಂಚು ನೋಡಿದೆ. ಮಕ್ಕಳ ಬಾಯಿ ಈಗಾಗಲೇ ಅರ್ಧ ತೆರೆದಿತ್ತು, ಮುಂದಿನ ನಗುವಿಗೆ ಕಾಯುತ್ತ. ನಾಳೆ ಶಾಲೆಯ ಅಂಗಳದಲ್ಲಿ ಕೊಲಿನ್‌ಗೆ ಏನೆಂದು ಹೆಸರಿಡುತ್ತಾರೆ ಎಂದು ನನಗೆ ಕೇಳಿಸಿತು, ನಿಜವಾಗಿ ಕಿವಿಯಲ್ಲಿ ಕೇಳಿಸಿತು. ಮಗನಿಗಾಗಿ ಎಂದು ಆಮೇಲೆ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಗಳಿಗೆಯಲ್ಲಿ ನನಗೆ ಮಗನೂ ಇರಲಿಲ್ಲ, ನಲವತ್ತೈದು ವರ್ಷವೂ ಆಗಿರಲಿಲ್ಲ. ಮೈಮೇಲೆ ಕೋಟಿತ್ತು, ಕೋಟಿನ ಒಳಗೆ ಎದೆ ಒದ್ದೆಯಾಗಿ ಬಿಸಿಯಾಗಿತ್ತು, ಯಾರೋ ಹುಲ್ಲಿಗೆ ಕೈ ಒರೆಸಿಕೊಳ್ಳುತ್ತಿದ್ದರು.

"ಇಲ್ಲ," ಎಂದೆ. "ವಿಶೇಷ ಏನಿಲ್ಲ."

"ಹಾಗಾದ್ರೆ ಊಟ ಮಾಡಿದ ಕಲ್ಲೇ ಆಗಿರಬಹುದು?"

"ಆಗಿರಬಹುದು."

ಫಿಲಿಪಾ ತಂದ ಹಾಳೆಯಲ್ಲಿ ಇರುವುದು ಇದೇ. ಅದರ ಮುಂದಿನದು ಅದರಲ್ಲಿ ಇಲ್ಲ, ಬರೆದುಕೊಳ್ಳುವವನು ಪೆನ್ನು ಕೆಳಗಿಟ್ಟಿದ್ದ. ಕಮಿಷನರು ವಯಸ್ಸಾದವರು, ಅವರಿಗೆ ಏನೋ ಸರಿಯಿಲ್ಲ ಅನ್ನಿಸಿರಬೇಕು, ವಿನ್ನಿಯ ಕಡೆ ತಿರುಗಿದರು.

"ಅಮ್ಮಾ, ನೀವೂ ಅವತ್ತು ಅಲ್ಲಿದ್ರಿ ಅಂತ ಬರೆದಿದ್ದೀರಿ. ಇವರಿಗೆ ನೆನಪು ಮಾಡಿಕೊಡೋಂಥದ್ದು ಏನಾದ್ರೂ ಇದೆಯಾ?"

ವಿನ್ನಿ ಎದ್ದು ನಿಂತಳು. ನನ್ನನ್ನೇ ನೋಡಿದಳು. ನಾನು ಅವಳ ಟೋಪಿಯಲ್ಲಿದ್ದ ಕಪ್ಪು ಗುಂಡುಸೂಜಿಯನ್ನು ನೋಡಿದೆ. ಅವಳ ಅರವತ್ತು ಕುರಿ, ಮನೆ, ಅವಳ ಮುಂದಿನ ಎಲ್ಲ ಬೆಳಗುಗಳು ಒಂದು ವಾಕ್ಯದ ದೂರದಲ್ಲಿ ಇದ್ದವು, ಆ ವಾಕ್ಯ ಅವಳಿಗೆ ಗೊತ್ತಿತ್ತು.

"ಅವರ ನೆನಪು ಅವರದ್ದು ಸ್ವಾಮಿ," ಎಂದಳು. "ನಾನು ಹುಡುಗಿ. ನನ್ನ ತಲೆ ಯಾರೂ ಕುಟ್ಟಲಿಲ್ಲ."

ಕೂತಳು. ಹೊರಗೆ ಬಂದಾಗ ಕೊಲಿನ್ ನನ್ನ ಕೈ ಹಿಡಿದುಕೊಂಡ, ನೀನು ಆ ವಕೀಲನಿಗೆ ಚೆನ್ನಾಗಿ ಕೊಟ್ಟೆ ಅಪ್ಪಾ, ತಲೆ ನಿಮಗಲ್ಲ ಕುಟ್ಟಿದ್ದು ಅಂದ್ಯಲ್ಲ, ಎಂದು ದಾರಿಯುದ್ದಕ್ಕೂ ಹೇಳಿಕೊಂಡು ನಕ್ಕ. ಮನೆಯಲ್ಲಿ ಕುರಿಮಾಂಸದ ಸಾರು ಮಾಡಿದ್ದರು. ಎರಡು ಸಲ ಬಡಿಸಿಕೊಂಡು ತಿಂದೆ.

ತೀರ್ಪು ಸುಗ್ಗಿ ಮುಗಿದ ಮೇಲೆ ಲಕೋಟೆಯಲ್ಲಿ ಬಂತು. ಸೆಪ್ಟೆಂಬರ್ ಕೊನೆಗೆ ಅವಳು ಕುರಿ ಮಾರಲು ಲಾರಿ ಕರೆಸಿದ್ದಾಳೆಂದು ಕೇಳಿ ಹೋದೆ. ಕುರಿ ಲಾರಿಗೆ ಹತ್ತುವ ಇಳಿಜಾರು ಹಲಗೆಗೆ ಮೊಳೆ ಹೊಡೆದುಕೊಡುತ್ತೇನೆ ಎಂಬುದು ನೆಪ. ಗುಡ್ಡ ಕಲಿತ ಕುರಿಗಳು ಎಂದರೆ ನಿಮಗೆ ಅರ್ಥವಾಗುತ್ತದೋ ಇಲ್ಲವೋ. ಆ ಗುಡ್ಡಕ್ಕೆ ಬೇಲಿಯಿಲ್ಲ. ತನ್ನ ಜಾಗ ಎಲ್ಲಿಯ ತನಕ ಎಂಬುದನ್ನು ತಾಯಿಕುರಿ ಮರಿಗೆ ಜೊತೆಯಲ್ಲಿ ನಡೆಸಿಯೇ ಕಲಿಸುತ್ತದೆ, ಮರಿ ತನ್ನ ಮರಿಗೆ. ಇನ್ನೂರು ವರ್ಷದ ಪಾಠ. ಅದನ್ನು ಲಾರಿಗೆ ತುಂಬಿ ಬಯಲುಸೀಮೆಗೆ ಒಯ್ದರೆ ಅವು ಬರಿ ಮಾಂಸ. ಅವು ಹಲಗೆ ಹತ್ತಲು ಒಪ್ಪಲಿಲ್ಲ. ನಾವಿಬ್ಬರೂ ಒಂದೊಂದನ್ನೇ ಹಿಂದಿನಿಂದ ತಳ್ಳಿ ಹತ್ತಿಸಿದೆವು, ಮೂರು ಗಂಟೆ. ಕೊನೆಯದು ಹತ್ತಿದ ಮೇಲೆ ಅವಳು ಬಾಗಿಲ ಚಿಲಕ ಹಾಕಿ, ಉಣ್ಣೆ ಅಂಟಿದ ಕೈಯಿಂದ ಕೂದಲು ಹಿಂದಕ್ಕೆ ಸರಿಸಿಕೊಂಡಳು.

"ವಿನ್ನಿ, ನೀನು ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ಕೇಳುವ ಹಕ್ಕು ನನಗಿರಲಿಲ್ಲ, ಆದರೂ ಕೇಳಿದೆ.

"ಅದು ನಿನ್ನ ಮಾತು ಆಂಬ್ರೋಸ್. ನಾನು ಹೆಂಗೆ ಆಡ್ಲಿ?"

"ನಿನ್ನ ಕುರಿ ಹೋಯ್ತಲ್ಲ."

"ಹೋಯ್ತು." ಲಾರಿ ಶುರುವಾಯಿತು. ಅವಳು ಅದು ಇಳಿಜಾರು ಇಳಿಯುವ ತನಕ ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂದು ಕೇಳುವವಳ ಹಾಗೆ. "ಒಂದು ಹೇಳ್ತೀಯಾ? ನೀನು ಹೇಳಿದ್ರೆ ಅವರು ನಗ್ತಿದ್ರು, ಹೌದು. ಎಷ್ಟು ಹೊತ್ತು ನಗ್ತಿದ್ರು?"

ನಾನು ಲೆಕ್ಕ ಹಾಕಿದೆ. ಅಲ್ಲಿಯೇ ನಿಂತು, ಮೊಳೆಯ ಡಬ್ಬಿ ಕೈಯಲ್ಲಿ ಹಿಡಿದು, ನಿಜವಾಗಿ ಲೆಕ್ಕ ಹಾಕಿದೆ. ಒಂದು ನಿಮಿಷ. ಮೇಷ್ಟರು ಮಕ್ಕಳನ್ನು ಗದರಿಸುವ ತನಕ. ಹೆಚ್ಚೆಂದರೆ ಒಂದೂವರೆ. ಪಬ್ಬಿನಲ್ಲಿ ಇನ್ನೊಂದು ವಾರ, ಶಾಲೆಯಲ್ಲಿ ಒಂದು ತಿಂಗಳು. ಮೊಳೆಯ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದೆ. ಅವಳು ತಲೆ ಆಡಿಸಿ ಒಳಗೆ ಹೋದಳು, ಬಾಗಿಲು ಹಾಕಿಕೊಳ್ಳಲಿಲ್ಲ, ಆದರೆ ನಾನು ಒಳಗೆ ಹೋಗಲೂ ಇಲ್ಲ. ಮರುವರ್ಷ ಅವಳು ಮನೆ ಬಿಟ್ಟಳು, ಪಟ್ಟಣದಲ್ಲಿ ಶಾಲೆಯೊಂದರ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳಂತೆ, ತೊಂಬತ್ತೊಂದರಲ್ಲಿ ಸತ್ತಳು. ಅಂತ್ಯಕ್ರಿಯೆಗೆ ಹೋದೆ, ಹಿಂದಿನ ಸಾಲಿನಲ್ಲಿ ಕೂತು ಬಂದೆ. ಅವಳ ಮನೆಗೆ ಈಗ ಶನಿವಾರಕ್ಕೊಂದು ಹೊಸ ಕಾರು ಬರುತ್ತದೆ, ರಜೆಗೆ ಬಂದವರು. ಸಿಡ್ ಇಲ್ಲ, ಐವಿ ಇಲ್ಲ, ಕೊಲಿನ್‌ಗೂ ಈಗ ಅರವತ್ತು. ಅವನಿಗೂ ಇದನ್ನು ಇವತ್ತಿನ ತನಕ ಹೇಳಿಲ್ಲ. ಅವನೂ ಈ ಗುಂಪಿನಲ್ಲಿದ್ದಾನೆ, ಈಗ ಕೇಳುತ್ತಿರಬಹುದು. ಕೇಳು ಮಗಾ.

ಈಗ ಹನ್ನೆರಡೂವರೆ. ನೀವು ಒಂಬತ್ತನೆಯ ಕಲ್ಲು ದಾಟಿರಬೇಕು, ಒಂದು ಗಂಟೆಗೆ ಪಾದ್ರಿ ಕುರ್ಚಿಯ ಹತ್ತಿರ ಊಟಕ್ಕೆ ಕೂರುತ್ತೀರಿ, ಅಲ್ಲಿ ಫೋನಿಗೆ ಸಿಗ್ನಲ್ ಚೆನ್ನಾಗಿ ಬರುತ್ತದೆ ಎಂದು ಹುಡುಗಿ ಹೇಳಿದಳು. ಹನ್ನೊಂದನೆಯ ಕಲ್ಲಿಗೆ ಈ ಸಲ ಒಂದು ಹೆಣ್ಣುಮಗುವಂತೆ, ಎಸ್ಮಿ ಎಂದು, ಎಂಟು ವರ್ಷ. ಅವಳನ್ನು ತಪ್ಪು ಕಲ್ಲಿನ ಮೇಲೆ ಕೂರಿಸಬೇಡಿ. ಮೆತ್ತೆ ಹಾಕಿದರೂ ಅವಳು ಅದನ್ನು ನೂರು ವರ್ಷ ನೆನಪಿಡುತ್ತಾಳೆ. ಫಿಲಿಪಾ, ನಿನ್ನ ಕಾಗದ ತಿದ್ದುವುದು ಬಿಡುವುದು ನಿನ್ನಿಷ್ಟ, ಇದರಿಂದ ಈಗ ಯಾರಿಗೂ ಒಂದು ಕುರಿಯೂ ಹಿಂದಿರುಗಿ ಬರುವುದಿಲ್ಲ. ಆದರೆ ಊಟ ಮುಗಿಯುವ ಮೊದಲು ಇದನ್ನು ಎಲ್ಲರಿಗೂ ಜೋರಾಗಿ ಕೇಳಿಸು. ಈ ಗುಂಪಿನಲ್ಲಿ ಇಲ್ಲದವರಿಗೂ ಕಳಿಸಿ, ವಿನ್ನಿಯ ತಂಗಿಯ ಮಕ್ಕಳು ಎಲ್ಲಿದ್ದಾರೋ ಹುಡುಕಿ ಅವರಿಗೂ ಕಳಿಸಿ. ಸಭ್ಯತೆಗೆಂದು ಉಚ್ಚೆಯ ಭಾಗ ಕತ್ತರಿಸಬೇಡಿ, ಇರುವುದೇ ಅದು. ಮಕ್ಕಳು ನಕ್ಕರೆ ಗದರಿಸಬೇಡಿ, ನಗಲಿ. ಎಷ್ಟು ಹೊತ್ತು ನಕ್ಕರು ಎಂದು ಯಾರಾದರೂ ಗಡಿಯಾರ ನೋಡಿ, ಸಂಜೆ ಬಂದು ನನಗೆ ಹೇಳಿ.